ನಲವತ್ತೊಂದನೆಯ ಚೀಲ

ಆರು ವರ್ಷದ ಹಿಂದೆ ನರಸೀಪುರದ ಹತ್ತಿರದ ಒಂದು ಹಳ್ಳಿಯ ಜಗಲಿಯಲ್ಲಿ, ವೀಳ್ಯದೆಲೆಯ ತಟ್ಟೆ ಮುಟ್ಟಿ ಜವರಯ್ಯ ಒಂದು ಮಾತು ಕೊಟ್ಟಿದ್ದ.

"ನಿಮ್ಮ ಹುಡುಗಿ ನಮ್ಮನೇಲಿ ರಾಗಿ ಬೀಸ್ತಾಳೆ, ಸೊಪ್ಪು ಕುಯ್ತಾಳೆ, ನಮ್ಮ ಹೊಲ್ದಾಗೆ ನಮ್ ಜೊತೆ ಗೇಯ್ತಾಳೆ. ಆದ್ರೆ ನಾನು ಬದುಕಿರೋಗಂಟ ಕಾಫಿ ಎಸ್ಟೇಟಿನ ಗೇಟು ಮಾತ್ರ ದಾಟಾಕಿಲ್ಲ ಬೀಗ್ರೇ. ಇದು ನನ್ ಮಾತು."

ಹುಡುಗಿಯ ಅಪ್ಪ ಮಲ್ಲಪ್ಪ ರೇಷ್ಮೆ ಹುಳು ಸಾಕುವವನು. ಅವನ ತಂಗಿ ಮೇಸ್ತ್ರಿಯೊಬ್ಬನ ಹಿಂದೆ ಕೊಡಗಿನ ತೋಟಕ್ಕೆ ಹಣ್ಣು ಕುಯ್ಯಲು ಹೋಗಿ, ಚಳಿಜ್ವರದಲ್ಲಿ ತೀರಿಕೊಂಡಿದ್ದಳು. ಊರಿಗೆ ತಿರುಗಿ ಬಂದದ್ದು ಅವಳ ಸೀರೆಯ ಗಂಟೊಂದೇ. ಹಾಗಾಗಿ ಮಲ್ಲಪ್ಪ ಆ ಮಾತನ್ನು ಜವರಯ್ಯನ ಬಾಯಲ್ಲಿ ಎರಡು ಸಲ ಹೇಳಿಸಿಯೇ ತಟ್ಟೆ ಬದಲಾಯಿಸಿದ್ದ.

ಈಗ ಆ ಹುಡುಗಿ ವನಜಳಿಗೆ ಇಪ್ಪತ್ತೆರಡು. ಐದು ವರ್ಷ ಮಕ್ಕಳಾಗದೆ, ಅತ್ತೆ ಹುಚ್ಚಮ್ಮ ಅಮ್ಮನ ಗುಡಿಯ ಮುಂದಿನ ಮರಕ್ಕೆ ಬಟ್ಟೆಯ ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊತ್ತ ಮೇಲೆ ಹುಟ್ಟಿದ ಹೆಣ್ಣುಮಗುವಿಗೆ ನಾಲ್ಕನೇ ತಿಂಗಳು ನಡೆಯುತ್ತಿತ್ತು. ಅವರ ಮನೆ ಇದ್ದದ್ದು ಕುಶಾಲನಗರದಿಂದ ನಂಜರಾಯಪಟ್ಟಣಕ್ಕೆ ಹೋಗುವ ಹಾದಿಯಲ್ಲಿ. ಹಾಸನದ ಕಡೆಯಿಂದ ಬಂದ ಜವರಯ್ಯ ಅಲ್ಲಿ ಎರಡೆಕರೆ ಹೊಲ ಮಾಡಿಕೊಂಡಿದ್ದ. ಮಡಿಕೇರಿಯಲ್ಲೇ ಕೊಡಗಿನ ಮಂತ್ರಿಗಳು ಕೂರುತ್ತಿದ್ದ ಕಾಲ ಅದು. ಮಂತ್ರಿಗಳು ಹತ್ತಿರವಿದ್ದರೂ ಅಕ್ಕಿ ದೂರವೇ ಇತ್ತು.

ಮಗುವಿಗೆ ತಿಂಗಳು ತುಂಬಿದ ವಾರವೇ ವನಜಳ ಗಂಡ ಸಿದ್ದರಾಜುವಿನ ಕಾಲ ಮೇಲೆ ಮರದ ಡಿಪೋದಲ್ಲಿ ದಿಮ್ಮಿ ಉರುಳಿತು. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿ, ಮುಂಗಾರಿನವರೆಗೆ ಕಾಲೂರಬೇಡ ಎಂದ. ಸಿದ್ದರಾಜು ನಡುಮನೆಯಲ್ಲಿ ಕಾಲು ಚಾಚಿ ಕುಳಿತ. ಬಾಣಂತಿಯ ಮೆಣಸಿನ ಸಾರಿಗೆ ತುಪ್ಪ ನಿಂತಿತು. ಆಮೇಲೆ ಅನ್ನ ನಿಂತಿತು. ಆಮೇಲೆ ಹುಚ್ಚಮ್ಮ ರಾಗಿ ಮುದ್ದೆಯನ್ನು ಕಟ್ಟುವಾಗ ಎಲ್ಲರ ಮುದ್ದೆಯನ್ನೂ ಚಿಕ್ಕದು ಮಾಡಿ, ಸೊಸೆಯದನ್ನು ಮಾತ್ರ ಮೊದಲಿನಷ್ಟೇ ಕಟ್ಟಿ, ಮೇಲಿಂದ ಬೈಯುವುದಕ್ಕೆ ಶುರು ಮಾಡಿದಳು.

"ತಿನ್ನು. ನಿನಗಲ್ಲ ಕೊಡ್ತಿರಾದು, ನನ್ ಮೊಮ್ಮಗಳ ಹಾಲಿಗೆ."

ಹೀಗಿರುವಾಗ ಒಂದು ದಿನ, ಹೊಲದಾಚೆಯ ಬೈನೆಗುಂಡಿ ಎಸ್ಟೇಟಿನ ಕೂಲಿಗಳ ಲೈನುಮನೆಯಲ್ಲಿದ್ದ ಸುಬ್ಬಿ ಮಜ್ಜಿಗೆ ಕೇಳುವ ನೆಪದಲ್ಲಿ ಬಂದು ಹಿತ್ತಲಲ್ಲಿ ನಿಂತಳು.

"ವನಜಕ್ಕಾ, ಚೆಟ್ಟಳ್ಳಿ ಕಾಫಿ ಆಪೀಸಿಂದ ಒಬ್ರು ಸಾರ್ ಬಂದವ್ರೆ. ಹೂಗೆ ಹೂ ಕೂಡಿಸಿ ಹೊಸ ಜಾತಿ ಗಿಡ ಮಾಡ್ತಾರಂತೆ. ಕೈ ಸಣ್ಣಕಿರೋ ಹೆಂಗಸ್ರು ಬೇಕಂತೆ. ನಾನೂ ಹೋಗ್ತೀನಿ. ಆದ್ರೆ ಅಕ್ಷರ ಬರೋರು ಒಬ್ರು ಬೇಕೇ ಬೇಕಂತೆ. ಲೈನಲ್ಲಿ ಯಾರಿಗ್ ಬರ್ತದೆ? ನಿಂಗ್ ಬರ್ತದಲ್ಲ!"

ವನಜ ನಾಲ್ಕನೇ ಕ್ಲಾಸು ಓದಿದ್ದಳು. ಮದುವೆಯಾಗಿ ಬಂದಮೇಲೆ ಅವಳ ಅಕ್ಷರ ಕೆಲಸಕ್ಕೆ ಬಂದದ್ದು ಅಪ್ಪನಿಗೆ ವರ್ಷಕ್ಕೆರಡು ಕಾರ್ಡು ಬರೆಯುವುದಕ್ಕೆ ಮಾತ್ರ. ಸುಬ್ಬಿಯ ಮಾತು ಕೇಳಿ ಅವಳು ಸರ್ರನೆ ತಿರುಗಿದ ರಭಸಕ್ಕೆ ಮಜ್ಜಿಗೆಯ ಚೊಂಬು ಅಲುಗಿ ಸೀರೆಯ ಮೇಲೆ ಚೆಲ್ಲಿತು.

"ಸಂಬಳ?"

"ಹೂ ಮುಗಿಯೋಗಂಟ ದಿನಗೂಲಿ. ಆಮೇಲೆ ಒಬ್ರನ್ನ ತಿಂಗಳ ಸಂಬಳಕ್ಕೆ ಇಟ್ಕೋತಾರಂತೆ. ಒಬ್ರನ್ನೇ."

ಆ ರಾತ್ರಿಯ ಊಟಕ್ಕೆ ಹುರುಳಿ ಕಟ್ಟಿನ ಸಾರು. ವನಜ ಮುದ್ದೆ ಮುರಿಯುವ ಮೊದಲೇ ವಿಷಯ ತೆಗೆದಳು.

ಹುಚ್ಚಮ್ಮ ಸೌಟನ್ನು ಮಡಕೆಗೆ ಬಡಿದಳು. "ಹಸಿ ಬಾಣಂತಿ! ಹೂಬಿಟ್ಟ ಗಿಡದ ಕೆಳಗೆ ನಿಂತ್ಕೋತಾಳಂತೆ! ಕಂಪಿಗೆ ಗಾಳಿ ಸೋಕ್ತದೆ, ಹಾಲು ಬತ್ತೋಯ್ತದೆ. ನಿಮ್ಮೂರಲ್ಲಿ ಹೇಳ್ಕೊಟ್ಟಿಲ್ವಾ?"

"ನಮ್ಮೂರಲ್ಲಿ ಹಸಿವಿಗೆ ಹಾಲು ಬತ್ತೋಯ್ತದೆ ಅಂತ ಹೇಳ್ಕೊಟ್ಟವ್ರೆ ಅತ್ತೆ."

"ನೋಡ್ಲಾ ಸಿದ್ದ, ನೋಡು ನಿನ್ ಹೆಂಡ್ತಿ ಬಾಯಿ!"

ಸಿದ್ದರಾಜು ತೊಡೆಯ ಮೇಲಿನ ಮಗುವನ್ನು ನೋಡುತ್ತಿದ್ದ. "ಬಾಯಿ ಸರ್ಯಾಗೇ ಐತೆ ಕಣವ್ವ. ನನ್ ಕಾಲೇ ಸರಿಗಿಲ್ಲ."

ಜವರಯ್ಯ ಇಷ್ಟೂ ಹೊತ್ತು ತಲೆಯೆತ್ತಿರಲಿಲ್ಲ. "ಮಾತು ಕೊಟ್ಟಿವ್ನಿ," ಎಂದ. "ಎಸ್ಟೇಟಿನ ಗೇಟು ದಾಟ್ಸಾಕಿಲ್ಲ ಅಂತ."

"ಅಪ್ಪಯ್ಯ, ಕೆಲ್ಸ ಕಲ್ಸಾದು ನರ್ಸರೀಲಿ," ಸಿದ್ದರಾಜು ಮೆಲ್ಲಗೆ ಹೇಳಿದ. "ನರ್ಸರಿ ತೋಡಿನ ಪಕ್ಕದಾಗೈತೆ. ಗೇಟಿನ ಹೊರಗೆ."

ಜವರಯ್ಯ ಬೆಳಗಾಗುತ್ತಲೇ ಎದ್ದು ಹೋಗಿ ಆ ಜಾಗ ನೋಡಿ ಬಂದ. ಬರೀ ನೋಡಲಿಲ್ಲ. ಗೇಟಿನಿಂದ ನರ್ಸರಿಯ ಚಪ್ಪರದವರೆಗೆ ಹೆಜ್ಜೆ ಅಳೆದ. ಗೇಟಿಗೆ ಐದು ಹೆಜ್ಜೆ ಇರುವಲ್ಲಿ ದಾರಿಯ ಮಗ್ಗುಲಿಗೆ ಒಂದು ಕಲ್ಲು ನೆಟ್ಟ. ಮನೆಗೆ ಬಂದು ಸೊಸೆಗೆ ಹೇಳಿದ:

"ಕಲ್ಲಿಂದ ಈಚೆಗೆ ಎಲ್ಲಾದ್ರೂ ಇರು. ಕಲ್ಲು ದಾಟ್ಬೇಡ."

ಚಪ್ಪರದಲ್ಲಿ ಕಲಿಸುವವನು ಮೊಣ್ಣಪ್ಪ. ಕೊಡವರ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದವನು, ಜೀಪಿನಿಂದ ಇಳಿಯುವಾಗ ಸದಾ ಟೋಪಿ ಬೀಳಿಸಿಕೊಳ್ಳುವವನು. ಒಂದು ಕಾಫಿ ಗಿಡಕ್ಕೆ ಹತ್ತಾರು ಕೊಡ ನೀರು ಹೊಯ್ಸಿ ಅದನ್ನು ಮಳೆಗೆ ಮೊದಲೇ ಮೊಗ್ಗಾಗುವಂತೆ ಮಾಡಿದ್ದ. ವನಜ, ಸುಬ್ಬಿ, ಇನ್ನೂ ಇಬ್ಬರು ಅದರ ಸುತ್ತ ಕುಳಿತರು.

"ನೋಡಿ, ಇದು ನಾಳೆ ಬೆಳಿಗ್ಗೆ ಅರಳುವ ಮೊಗ್ಗು," ಎಂದು ಅವನು ಮೇಣದ ಬತ್ತಿಯ ತುದಿಯಂಥ ಒಂದು ಬಿಳಿ ಮೊಗ್ಗನ್ನು ಚಿಮಟದಲ್ಲಿ ಹಿಡಿದ. "ಈ ಬಿಳಿ ಕೊಳವೆಗೆ ಗಂಡು ಭಾಗ ಅಂಟಿಕೊಂಡಿರುತ್ತದೆ. ಇಂದೇ ಕೊಳವೆ ಸೀಳಿ ಪೂರ್ತಿ ತೆಗೆದುಬಿಡಬೇಕು. ನಡುವಿನ ಈ ಎಳೆ ಉಂಟಲ್ಲ, ಇದು ಹೆಣ್ಣು. ಇದಕ್ಕೆ ತಾಗಬಾರದು. ಆಮೇಲೆ ಬೇರೆ ಹೂವಿನ ಪರಾಗದ ಪುಡಿ ಬೀಳದ ಹಾಗೆ ಗೆಲ್ಲಿಗೆ, ಅಂದರೆ ಈ ಕೊಂಬೆಗೆ, ಮಲ್ ಬಟ್ಟೆಯ ಚೀಲ ಕಟ್ಟಬೇಕು. ನಾಳೆ ನಮಗೆ ಬೇಕಾದ ಗಿಡದ ಪುಡಿ ತಂದು ಕುಂಚದಲ್ಲಿ ಸವರಿ, ಮತ್ತೆ ಚೀಲ ಕಟ್ಟಿಬಿಡುವುದು. ಎಳೆ ಮುರಿದರೆ ಕಾಯಿ ಇಲ್ಲ. ಕಾಯಿ ಇಲ್ಲದಿದ್ದರೆ ಬೀಜ ಇಲ್ಲ. ಮತ್ತೆ ಬರುವ ವರ್ಷವೇ."

ವನಜ ಮೊದಲ ನಾಲ್ಕು ಮೊಗ್ಗಿನ ಎಳೆ ಮುರಿದಳು. ಸುಬ್ಬಿ ಏಳು ಮುರಿದು ತನ್ನ ಭಾಷೆಯಲ್ಲಿ ಏನೋ ಬೈದಳು. ಐದನೆಯದಕ್ಕೆ ವನಜಳ ಬೆರಳಿಗೆ ಅಪ್ಪನ ಮನೆ ನೆನಪಾಯಿತು. ಸೊಪ್ಪಿನ ತಟ್ಟೆಯಿಂದ ಮೈಗೆ ನೋವಾಗದಂತೆ ಹುಳು ಎತ್ತುವುದು ಹೇಗೆಂದು ಆರು ವರ್ಷದ ಹುಡುಗಿಗೇ ಅವನು ಕಲಿಸಿದ್ದ: ಹಿಡಿಯಬೇಡ, ಅದೇ ಹತ್ತಲಿ. ಅವಳು ಉಸಿರು ಬಿಗಿಹಿಡಿದು ಚಿಮಟವನ್ನು ಸಡಿಲ ಬಿಟ್ಟಳು. ಬಿಳಿ ಕೊಳವೆ ಕಳಚಿ ಮಡಿಲಿಗೆ ಬಿತ್ತು. ಎಳೆ ನೆಟ್ಟಗೆ ನಿಂತಿತ್ತು.

"ಸಾರ್! ನಿಂತೈತೆ ನೋಡಿ ಸಾರ್!"

ಮನೆಗೆ ಬಂದವಳು ಅಂಗಳದಿಂದಲೇ ಕೂಗಿಕೊಂಡು ಬಂದಳು. ಮಗುವಿಗೆ ಹಾಲು ಕುಡಿಸುತ್ತಲೇ ಒಂದು ಕೈಯಲ್ಲಿ ಗಂಡನಿಗೆ ತೋರಿಸಿದಳು. ಮಾರನೆಯ ದಿನ ಸಿದ್ದರಾಜು ತನ್ನ ಕಾಲಿಗೆ ಕಟ್ಟಿ ಉಳಿದಿದ್ದ ಬಿದಿರಿನ ದಬ್ಬೆಯನ್ನು ಕೆತ್ತಿ, ನಯ ಮಾಡಿ, ಅವಳಿಗೊಂದು ಚಿಮಟ ಮಾಡಿಕೊಟ್ಟ. ವನಜ ಹಿತ್ತಲ ನಂದಬಟ್ಟಲ ಮೊಗ್ಗುಗಳನ್ನೆಲ್ಲ ಸೀಳಿ ಕಲಿತಳು. ಮೂರು ದಿನ ದೇವರ ಗೂಡಿಗೆ ಒಂದು ಹೂವೂ ಸಿಗಲಿಲ್ಲ.

"ದೇವ್ರಿಗೂ ಸಂಬಳ ಕೊಡ್ಸು ನಿಮ್ ಸಾರಿಗೆ ಹೇಳಿ," ಎಂದಳು ಹುಚ್ಚಮ್ಮ.

ಹೀಗೆ ಮೂರು ವಾರ. ಉಳಿದಿಬ್ಬರು ಎಳೆ ಮುರಿದು ಮುರಿದು ಬೇಸತ್ತು ಬಿಟ್ಟುಹೋದರು. ಬೆಳಿಗ್ಗೆ ವನಜ ರೊಟ್ಟಿ ತಟ್ಟಿಟ್ಟು ಹೋಗುವಳು. ಸಿದ್ದರಾಜು ಗೋಡೆಗೊರಗಿ ಹಗ್ಗ ಎಳೆದು ತೊಟ್ಟಿಲು ತೂಗುವನು. ಗಂಡಸು ತೊಟ್ಟಿಲು ತೂಗುವುದನ್ನು ನೋಡಲೆಂದೇ ಹಾದಿಹೋಕರು ನೀರು ಕೇಳಿಕೊಂಡು ಬರುತ್ತಿದ್ದರು. ತೊಟ್ಟಿಲ ಹಗ್ಗಕ್ಕೆ ಹುಚ್ಚಮ್ಮ ಹಾಕಿದ್ದ ಗಂಟು ಮಾತ್ರ ಅವನಿಂದ ಎಂದೂ ಬಿಚ್ಚಲಾಗಲಿಲ್ಲ. ಮೂರು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿ ಎಳೆಯುವ ಗಂಟು ಅದು. ಆ ಮನೆಯಲ್ಲಿ ಕರು ಕಟ್ಟುವ ಕಣ್ಣಿಹಗ್ಗಕ್ಕೂ ಹರಕೆಯ ದಾರಕ್ಕೂ ಅವಳದು ಅದೊಂದೇ ಗಂಟು. ಬಟ್ಟೆ ತೊಳೆಯಬೇಕಾದಾಗ ಬಿಚ್ಚುವವಳು ವನಜ.

ಮಧ್ಯಾಹ್ನ ಹುಚ್ಚಮ್ಮ ಮಗುವಿನ ಕೈಗೆ ಬಜೆ ಕಟ್ಟಿ, ತಲೆಗೆ ಸೆರಗು ಮುಚ್ಚಿ, ಹಾಲಿಗೆಂದು ನರ್ಸರಿಗೆ ಹೊತ್ತು ತರುವಳು. ದಾರಿಯುದ್ದಕ್ಕೂ ಗೊಣಗುವಳು. ವನಜ ಹಾಲು ಕುಡಿಸುವಾಗ ಚಪ್ಪರದೊಳಗೆ ಇಣುಕಿ ನೋಡಿ, "ಇದೇನ್ ಮಾ ಕಷ್ಟ, ಹೇನು ತೆಗ್ದಂಗೈತೆ," ಎಂದು ತೀರ್ಪು ಕೊಡುವಳು. ಒಮ್ಮೆ ಮೊಣ್ಣಪ್ಪ, "ಅಜ್ಜಿ, ನಿಮಗೂ ಒಂದು ಚಿಮಟ ಕೊಡಲಾ?" ಎಂದದ್ದಕ್ಕೆ, "ನನಗೆ ಕೊಟ್ರೆ ನಿನ್ ಮೀಸೆ ಕೀಳ್ತೀನಿ," ಎಂದಳು. ಸುಬ್ಬಿ ನಕ್ಕು ನಕ್ಕು ಹಿಂದಕ್ಕೆ ಬಿದ್ದಳು.

ಮಾರ್ಚಿ ಕೊನೆಯ ವಾರ ಹೂಮಳೆ ಬಿತ್ತು. ಎರಡು ತಾಸು ಹೆಂಚು ಒಡೆಯುವ ಹಾಗೆ ಸುರಿದು ನಿಂತಿತು. ಇಡೀ ಕೊಡಗು ಆ ಮಳೆಗೆ ಬಾಯಿಬಿಟ್ಟು ಕಾಯುತ್ತಿದ್ದರೆ, ಜವರಯ್ಯನ ಮನೆಯಲ್ಲಿ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಳೆಯಾದ ಒಂಬತ್ತನೇ ದಿನ ಕಾಫಿ ಅರಳುತ್ತದೆ. ಹಿಂದಿನ ದಿನ ಮಧ್ಯಾಹ್ನವೇ ಮೊಗ್ಗು ಸೀಳಬೇಕು. ಹೊಸ ಜಾತಿಗೆಂದು ಗುರುತು ಮಾಡಿದ್ದ ತಾಯಿಗಿಡ ಇದ್ದದ್ದು ಗೇಟಿನ ಒಳಗೆ.

"ನಿಮ್ಮಪ್ಪನಿಗೆ ಒಂದ್ ಕಾರ್ಡು ಬರಿ," ಎಂದ ಜವರಯ್ಯ. "ಹಿಂಗಿಂಗೆ, ಮಾತು ವಾಪಸ್ ಕೊಡ್ತೀರಾ ಅಂತ ಕೇಳು. ಅವ್ರು ಹೂಂ ಅಂದ್ರೆ ನನಗೇನೂ ಇಲ್ಲ."

ವನಜ ಬರೆದಳು. ಕಾರ್ಡನ್ನು ಜವರಯ್ಯ ತಾನೇ ಕುಶಾಲನಗರಕ್ಕೆ ನಡೆದುಹೋಗಿ ಡಬ್ಬಕ್ಕೆ ಹಾಕಿದ. ಐದನೇ ದಿನದಿಂದ ಟಪಾಲಿನವನನ್ನು ರಸ್ತೆಯಲ್ಲೇ ತಡೆದು ಕೇಳತೊಡಗಿದ. ಆರಾಯಿತು, ಏಳಾಯಿತು. ಉತ್ತರವಿಲ್ಲ. ಕೊಂಬೆಗಳ ಮೇಲೆ ಮೊಗ್ಗು ಹಸಿರಿನಿಂದ ಬಿಳಿಗೆ ತಿರುಗಿತು.

"ನಾಳೆ ಹನ್ನೆರಡಕ್ಕೆ ಒಳಗೆ ಬಂದುಬಿಡಿ," ಎಂದ ಮೊಣ್ಣಪ್ಪ. "ಹೂವು ಯಾರನ್ನೂ ಕಾಯುವುದಿಲ್ಲ ಮಾರಾಯ್ತಿ. ನೀವು ಬರದಿದ್ದರೆ ಕುಶಾಲನಗರದಿಂದ ಬೇರೆಯವರನ್ನು ಕರೆಯಬೇಕಾಗುತ್ತದೆ."

ರಾತ್ರಿ ಊಟಕ್ಕೆ ಕುಳಿತಾಗ ವನಜ ಕೇಳಿದಳು: "ಮಾವ, ನಮ್ ಸೋದರತ್ತೆ ಬುಟ್ಟಿ ಹೊತ್ಕೊಂಡು ಹೋಗಿದ್ಲು. ನಾನು ಹೋಗಾದು ಪೆನ್ಸಿಲ್ ಹಿಡ್ಕೊಂಡು ಅಲ್ವಾ?"

"ಗೇಟಿಗೆ ಬುಟ್ಟೀನೂ ಒಂದೇ, ಪೆನ್ಸಿಲ್ಲೂ ಒಂದೇ," ಎಂದು ಜವರಯ್ಯ ಕೈ ತೊಳೆದುಕೊಂಡ.

ಮಾರನೆಯ ದಿನ ಹನ್ನೆರಡಕ್ಕೆ ಮೊದಲೇ ವನಜ ಕಲ್ಲಿನ ಹತ್ತಿರ ಹೋಗಿ ನಿಂತಳು. ಕೈಯಲ್ಲಿ ಬಿದಿರಿನ ಚಿಮಟ, ಸೊಂಟದಲ್ಲಿ ತಾನೇ ಹೊಲಿದ ಬಟ್ಟೆಚೀಲಗಳ ಕಟ್ಟು. ಸುಬ್ಬಿ ಒಳಗಿನಿಂದ, "ಬಾ ಅಕ್ಕಾ, ಬಾ!" ಎಂದು ಕೈಬೀಸುತ್ತಿದ್ದಳು. ವನಜ ಕಲ್ಲನ್ನು ನೋಡಿದಳು. ದಾಟಿದರೆ ತಡೆಯುವವರು ಯಾರೂ ಇರಲಿಲ್ಲ. ಆದರೆ ಆ ಕಲ್ಲು ನೆಟ್ಟವನು ತನ್ನ ಮುದ್ದೆ ಚಿಕ್ಕದು ಮಾಡಿಕೊಂಡು ಎರಡು ತಿಂಗಳಿನಿಂದ ಅರೆಹೊಟ್ಟೆಯಲ್ಲೇ ಎದ್ದುಹೋಗುತ್ತಿದ್ದವನು. ಅವಳ ಕಾಲು ಏಳಲಿಲ್ಲ.

ಹಿಂದಿನಿಂದ ಕೆಮ್ಮು ಕೇಳಿಸಿತು. ಹೆಗಲ ಮೇಲೆ ಗುದ್ದಲಿ ಹೊತ್ತು ಜವರಯ್ಯ ಬರುತ್ತಿದ್ದ.

"ಟಪಾಲಿನವನು ಬಂದಿದ್ನಾ?"

"ಬಂದೋದ ಮಾವ. ನಮಗೇನೂ ಇರ್ಲಿಲ್ಲ."

ಜವರಯ್ಯ ಗುದ್ದಲಿ ಇಳಿಸಿದ. ಬಾಯಲ್ಲಿದ್ದ ಎಲೆಯಡಿಕೆ ಉಗಿದ. ಗೇಟಿನ ಹತ್ತಿರ ಹೋಗಿ ಸರಪಳಿ ತೆಗೆದು, ಕಬ್ಬಿಣದ ಬಾಗಿಲನ್ನು ಎರಡೂ ಕೈಯಲ್ಲಿ ತಳ್ಳಿದ. ಅದು ಕಿರುಗುಟ್ಟುತ್ತ ಪೂರ್ತಿ ತೆರೆದುಕೊಂಡಿತು.

"ಹೋಗು."

"ಮಾವ..."

"ನನ್ ಮಕ ನೋಡ್ಕೊಂಡ್ ನಿಂತ್ಕೋಬ್ಯಾಡ. ಹೂ ಅರಳೋಯ್ತದೆ, ಓಡು!"

ವನಜ ಓಡಿದಳು. ಬಾಣಂತಿ ಓಡಬಾರದೆಂದು ನೆನಪಾದದ್ದು ತಾಯಿಗಿಡದ ಹತ್ತಿರ ನಿಂತ ಮೇಲೆ. ಸಂಜೆಯವರೆಗೆ ಅವಳೂ ಸುಬ್ಬಿಯೂ ನಲವತ್ತು ಗೆಲ್ಲು ಮುಗಿಸಿ ನಲವತ್ತು ಚೀಲ ಕಟ್ಟಿದರು. ಬೆಳಗ್ಗೆ ಬಂದು ನೋಡಿದರೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗಿತ್ತು. ಕಂಪು ಎಷ್ಟೆಂದರೆ ಮೊಣ್ಣಪ್ಪ ಮೂರು ಸಲ ಸೀನಿ ಟೋಪಿ ಬೀಳಿಸಿಕೊಂಡ. ಅವನು ತಂದ ಪುಡಿಯನ್ನು ವನಜ ಕುಂಚದಲ್ಲಿ ಎಳೆ ಎಳೆಗೂ ಸವರಿ, ಸುಬ್ಬಿಯ ಜೊತೆ ಮತ್ತೆ ಚೀಲ ಕಟ್ಟಿ, ಕಾಗದದ ಚೀಟಿಗಳ ಮೇಲೆ ನಂಬರು ಬರೆದು ತೂಗುಹಾಕಿದಳು. ಅವಳ ಕೈಯ ಒಂದು, ಎರಡು, ಮೂರುಗಳು ಗಾಳಿಗೆ ಅಲುಗಾಡುತ್ತಿದ್ದವು. ಅವಳು ಹಿಂದಕ್ಕೆ ಸರಿದು ನಿಂತು ಅದನ್ನೇ ನೋಡಿದಳು.

ಮಧ್ಯಾಹ್ನ ಹುಚ್ಚಮ್ಮ ಮಗುವನ್ನು ಹೊತ್ತು ಗೇಟಿನ ಒಳಗೇ ಬಂದಳು. ವನಜ ಮರದ ನೆರಳಲ್ಲಿ ಹಾಲು ಕುಡಿಸುವಾಗ ಅವಳು ತಾಯಿಗಿಡದ ಸುತ್ತ ಒಂದು ಸುತ್ತು ಬಂದು, ಯಾಕೋ ಚಪ್ಪಲಿ ಬಿಟ್ಟು ಇನ್ನೊಂದು ಸುತ್ತು ಬಂದಳು. ಆ ದಿನ ಗೊಣಗಲಿಲ್ಲ. ಬೈಯಲೂ ಇಲ್ಲ.

ಅದೇ ದಿನ ಸಂಜೆ ಇನ್ನೊಂದು ಮಳೆ ಬಿತ್ತು.

ಮರುದಿನ ಬೆಳಿಗ್ಗೆ ಚೀಟಿಗಳು ನೆಂದು ಹರಿದು ಬುಡದಲ್ಲಿ ಬಿದ್ದಿದ್ದವು. "ಹೋಗಲಿ, ಹೊಸದು ಬರೆದರಾಯಿತು," ಎಂದು ಮೊಣ್ಣಪ್ಪ ಚೀಲ ಎಣಿಸಿದ. ಮತ್ತೆ ಎಣಿಸಿದ. ಅವನ ಮುಖ ಸಪ್ಪಗಾಯಿತು.

"ಎಂತ ಇದು? ನಲವತ್ತೊಂದು ಉಂಟಲ್ಲ!"

ಸುಬ್ಬಿ ಎಣಿಸಿದಳು. ವನಜ ಎಣಿಸಿದಳು. ನಲವತ್ತೊಂದೇ. ಬಟ್ಟೆ ಒಂದೇ, ಹೊಲಿಗೆ ಒಂದೇ, ಒಂದೇ ಗಾತ್ರ.

"ಒಂದು ಚೀಲ ನಾವು ಕಟ್ಟಿದ್ದಲ್ಲ," ಎಂದ ಮೊಣ್ಣಪ್ಪ. "ಅದರೊಳಗಿನ ಹೂವಿಗೆ ಯಾವ ಪುಡಿ ಬಿದ್ದಿದೆಯೋ ಗೊತ್ತಿಲ್ಲ. ಒಂದು ವಾರ ಯಾವುದನ್ನೂ ಬಿಚ್ಚಿ ನೋಡುವ ಹಾಗಿಲ್ಲ, ಬೇರೆ ಪುಡಿ ಸೇರುತ್ತದೆ. ಯಾವುದು ಅಂತ ತಿಳಿಯದಿದ್ದರೆ ಈ ಗಿಡದ ಬೀಜ ಒಂದನ್ನೂ ನಂಬುವಂತಿಲ್ಲ. ಒಂದು ವರ್ಷ ಹೋಯಿತು." ಅವನು ವನಜಳತ್ತ ನೋಡಿದ. ಬೈಯಲಿಲ್ಲ. ಆದರೆ ತಿಂಗಳ ಸಂಬಳ ಅವನ ನೋಟದಲ್ಲೇ ಕರಗಿಹೋಗುವುದು ಅವಳಿಗೆ ಕಂಡಿತು.

ವನಜ ಗಿಡದ ಹತ್ತಿರ ಹೋದಳು. ಚೀಲಗಳನ್ನು ನೋಡಲಿಲ್ಲ. ಒಂದೊಂದರ ಕೊರಳಿಗೂ ಬೆರಳಿಟ್ಟು ಗಂಟು ಸವರುತ್ತ ಹೋದಳು. ಅಪ್ಪನ ಮನೆಯಲ್ಲಿ ನೂಲಿಗೆ ಹಾಕುತ್ತಿದ್ದ ಸಣ್ಣ ಗಂಟು ಅವಳದು, ತುದಿ ಗಿಡ್ಡ. ಸುಬ್ಬಿಯದು ಸೌದೆ ಹೊರೆಗೆ ಹಾಕುವ ಜಾರುಗಂಟು. "ಇದು ನಂದು. ಇದೂ ನಂದು. ಇದು ಸುಬ್ಬೀದು..." ಕೆಳಗಿನ ಗೆಲ್ಲೊಂದರಲ್ಲಿ ಬೆರಳು ನಿಂತಿತು. ಮೂರು ಸುತ್ತು. ತುದಿ ಒಳಗೆ ತೂರಿಸಿ ಎಳೆದದ್ದು.

"ಸಾರ್, ಇದು."

"ತಪ್ಪಾದರೆ ಒಂದು ಒಳ್ಳೆಯ ಗೆಲ್ಲು ಹಾಳು."

"ಈ ಗಂಟು ದಿನಾ ಬಿಚ್ತೀನಿ ಸಾರ್. ತಪ್ಪಾಗಾಕಿಲ್ಲ."

ಅಷ್ಟರಲ್ಲಿ ಮಗುವನ್ನು ಹೊತ್ತ ಹುಚ್ಚಮ್ಮ ಇಳಿಜಾರಿನಲ್ಲಿ ಬರುತ್ತಿದ್ದವಳು ಸೊಸೆಯ ಕೈ ಎಲ್ಲಿದೆಯೆಂದು ನೋಡಿ ಕೂಗಿಕೊಂಡಳು: "ಅಯ್ಯಯ್ಯೋ, ಬಿಚ್ಬ್ಯಾಡ ಕಣೇ! ಕಟ್ಟಿದ್ ಹರಕೆ ಬಿಚ್ಬಾರ್ದು!"

ಗಂಟು ಆಗಲೇ ಬಿಚ್ಚಿತ್ತು. ಚೀಲದೊಳಗಿನಿಂದ ಅರಿಶಿನ ಮೆತ್ತಿದ ಒಂದು ಕಾಸು, ಬಜೆಯ ತುಂಡು, ಬಾಡಿದ ಹೂವಿನ ಗೊಂಚಲು ಹೊರಬಿದ್ದವು.

ಮೊಣ್ಣಪ್ಪ ಕಾಸನ್ನು ಎತ್ತಿಕೊಂಡು ಬೆಪ್ಪಾಗಿ ನಿಂತ. "ಎಂತ ಅಜ್ಜಿ ಇದು?"

"ನನ್ನೇನ್ ಕೇಳ್ತೀಯಪ್ಪ? ಎಲ್ಲಾರೂ ಕಟ್ಟಿದ್ರು, ನಾನೂ ಕಟ್ಟಿದೆ," ಹುಚ್ಚಮ್ಮ ಏದುಸಿರು ಬಿಡುತ್ತಿದ್ದಳು. "ನಲವತ್ತು ಜನ ಹರಕೆ ಹೊತ್ತಿರೋ ಗಿಡ ಅಂದ್ರೆ ಸಾಮಾನ್ಯವಾ? ಮನೇಲಿ ಇವಳು ಹೊಲ್ದು ಬಿಸಾಕಿದ್ ಚೀಲ ಒಂದಿತ್ತು. ಅದನ್ನೇ ಸೊಂಟಕ್ಕೆ ಸಿಗಿಸ್ಕೊಂಡ್ ಬಂದಿದ್ದೆ, ಮಗೀಗೆ ಬಜೆ ಇಟ್ಕೊಳಾಕೆ."

"ಏನಂತ ಹರಕೆ ಅತ್ತೆ?"

ಹುಚ್ಚಮ್ಮ ಮಗುವನ್ನು ಸೊಸೆಯ ಕೈಗೆ ತುರುಕಿ ಬೇರೆ ಕಡೆ ನೋಡಿದಳು. "ಏನಂತಾ? ಇವಳ ಕೆಲ್ಸ ಕಾಯಂ ಆಗ್ಲಿ ಅಂತ. ಈಗ ಬಿಚ್ಬಿಟ್ಯಲ್ಲ, ಇನ್ನೇನಾಗ್ತದೋ ನಂಗೊತ್ತಿಲ್ಲ."

ಮೊದಲು ಸುಬ್ಬಿ ನಕ್ಕಳು. ಆಮೇಲೆ ಮೊಣ್ಣಪ್ಪ ಟೋಪಿ ತೆಗೆದು ಅದರಲ್ಲಿ ಮುಖ ಮುಚ್ಚಿಕೊಂಡು ನಕ್ಕ. ವನಜಳಿಗೆ ನಗುವೂ ಅಳುವೂ ಒಟ್ಟಿಗೆ ಬಂದು, ಮಗುವಿನ ಹೊಟ್ಟೆಯಲ್ಲಿ ಮುಖವಿಟ್ಟಳು.

ಮೊಣ್ಣಪ್ಪ ಕಾಸನ್ನು ಒರೆಸಿ ಹುಚ್ಚಮ್ಮನ ಅಂಗೈಗೆ ಇಟ್ಟ. "ಹರಕೆ ಫಲಿಸಿತು ಅಜ್ಜಿ. ಗಂಟು ನೋಡಿ ಕಟ್ಟಿದವರ ಹೆಸರು ಹೇಳುವವರನ್ನು ನಾನು ಬೇರೆಲ್ಲಿ ಹುಡುಕಲಿ? ಮುಂದಿನ ಒಂದನೇ ತಾರೀಖಿನಿಂದ ಇವರಿಗೆ ತಿಂಗಳ ಸಂಬಳ. ಮಗು ಹಾಲು ಬಿಡುವವರೆಗೆ ಮಧ್ಯಾಹ್ನ ನೀವೇ ಕರೆದುಕೊಂಡು ಬರಬೇಕು. ಆದರೆ ಬರುವಾಗ ದಾರ ತರಬಾರದು."

"ನಂಗೂ ಕೂಲಿ ಕೊಡ್ತೀಯಾ ಹಂಗಾದ್ರೆ?" ಎಂದಳು ಹುಚ್ಚಮ್ಮ.

ಸಂಜೆ ಮನೆಯಲ್ಲಿ ಬೆಲ್ಲದ ಕಾಫಿ ಕುದಿಯಿತು. ಸಿದ್ದರಾಜು ಒಂಟಿ ಕಾಲಲ್ಲಿ ಎದ್ದು ನಿಂತು ಇಡೀ ಕತೆಯನ್ನು ಎರಡು ಸಲ ಹೇಳಿಸಿದ. ಅವ್ವ ಚಪ್ಪಲಿ ಬಿಟ್ಟು ಸುತ್ತು ಬಂದ ಜಾಗಕ್ಕೆ ಬಂದಾಗಲೆಲ್ಲ ಗೋಡೆಗೆ ಕೈಕೊಟ್ಟು ನಕ್ಕ. ಹುಚ್ಚಮ್ಮ ಅವನಿಗೆ ಸೌಟು ತೋರಿಸಿದಳು. ಜವರಯ್ಯ ಮಾತ್ರ ಜಗಲಿಯಲ್ಲಿ ಕುಳಿತಿದ್ದ. ಕಾಫಿ ಕುಡಿದು ಲೋಟ ಕೆಳಗಿಟ್ಟು ಸೊಸೆಯನ್ನು ಕರೆದ.

"ಇನ್ನೊಂದ್ ಕಾರ್ಡು ತಂದಿವ್ನಿ. ಬರಿ."

ವನಜ ಪೆನ್ಸಿಲು ತಂದು ಹೊಸಿಲ ಮೇಲೆ ಕುಳಿತಳು. ಮಗು ಅವಳ ಮಡಿಲಲ್ಲಿ ನಿದ್ದೆ ಹೋಗಿತ್ತು.

"ಬೀಗರಿಗೆ ನಮಸ್ಕಾರ ಅಂತ ಬರಿ. ನಾವೆಲ್ಲ ಕ್ಷೇಮ ಅಂತ ಬರಿ. ಮಗೀಗೆ ಹಾಲು ಸಾಲ್ತಾ ಐತೆ ಅಂತ ಬರಿ. ನಿಮ್ ಮಗಳಿಗೆ ತಿಂಗಳ ಸಂಬಳದ ಕೆಲ್ಸ ಆಗೈತೆ."

"ಬರ್ದೆ ಮಾವ."

"ನಿಮ್ ಉತ್ರಕ್ಕೆ ನಾನು ಕಾಯಲಿಲ್ಲ. ಮೊನ್ನೆ ಮಧ್ಯಾಹ್ನ ಎಸ್ಟೇಟಿನ ಗೇಟು ನಾನೇ ತೆಗ್ದು ಒಳಿಕ್ಕೆ ಕಳ್ಸಿದೆ. ಕೊಟ್ಟ ಮಾತು ಮುರ್ದಿವ್ನಿ. ಬರಿ ಅದ್ನೂ."

ವನಜ ಅದನ್ನೂ ಬರೆದಳು.